ಓಡಿಸುವವಳು ನಾನು, ದಾರಿ ಹೇಳುವವರು ಯಾರು?

ಒಂದು ಕುಕ್ಕರ್ ಕೊಳ್ಳಬೇಕಾದರೆ ನಾವು ಎಷ್ಟು ಅಂಗಡಿ ಹತ್ತಿ ಇಳಿಯುತ್ತೇವೆ, ಹೇಳಿ! ಮುಚ್ಚಳ ತಿರುಗಿಸಿ ನೋಡುತ್ತೇವೆ, ಗ್ಯಾಸ್ಕೆಟ್ ನಮ್ಮೂರಿನಲ್ಲೇ ಸಿಗುತ್ತದೆಯೇ ಎಂದು ಕೇಳುತ್ತೇವೆ, ಪಕ್ಕದ ಮನೆಯವರದು ಎಷ್ಟು ವರ್ಷ ಬಾಳಿತು ಎಂದು ವಿಚಾರಿಸುತ್ತೇವೆ. ಸೀರೆಯನ್ನು ಬಾಗಿಲ ಬಳಿ ತಂದು ಬೆಳಕಿಗೆ ಹಿಡಿದು ನೋಡದೆ ದುಡ್ಡು ಕೊಟ್ಟವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಆದರೆ ಕಾರಿನಲ್ಲಿ ಕೂತು ‘ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ’ ಎಂದು ನಮ್ಮನ್ನು ನಡೆಸುತ್ತದಲ್ಲ, ಆ ದಾರಿ ತೋರಿಸುವ ಸಾಧನ, ನ್ಯಾವಿಗೇಷನ್ ಎನ್ನುತ್ತಾರೆ, ಅದನ್ನು ಆರಿಸುವಾಗ ಮಾತ್ರ ‘ನಮಗೇನು ತಿಳಿಯುತ್ತೆ, ಮನೆಯ ಗಂಡಸರು ನೋಡಿಕೊಳ್ಳಲಿ’ ಎಂದು ಸುಮ್ಮನಾಗಿಬಿಡುತ್ತೇವೆ. ನಾನೂ ಹಾಗೆ ಸುಮ್ಮನಾದವಳೇ. ಅದರಿಂದ ಏನಾಯಿತು ಎಂಬುದನ್ನು ನಿಮ್ಮೊಂದಿಗೆ ಹೇಳಿಕೊಳ್ಳೋಣವೆಂದು ಈ ನಾಲ್ಕು ಮಾತು.

ನಾನು ಓದಿದ್ದು ಎಸ್‌.ಎಸ್‌.ಎಲ್‌.ಸಿ.ವರೆಗೆ. ಹುಟ್ಟಿದ್ದು ಕೊಪ್ಪದ ಕಡೆಯ ಒಂದು ಹಳ್ಳಿಯಲ್ಲಿ, ಸೇರಿದ್ದು ಹೊನ್ನಾಳಿಗೆ. ನಮ್ಮ ಯಜಮಾನರದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಮೂರು ವರ್ಷದ ಹಿಂದೆ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಂದರು. ತಂದವರಿಗೆ ಅಂಗಡಿ ಬಿಟ್ಟು ಕದಲಲು ಪುರುಸೊತ್ತಿಲ್ಲ. ಕಾರು ಅಂಗಳದಲ್ಲಿ ನಿಂತು ಧೂಳು ತಿನ್ನುತ್ತಿತ್ತು. ನನ್ನ ತಾಯಿ ಊರಿನಲ್ಲಿ ಒಬ್ಬರೇ; ಅಣ್ಣ ಪುಣೆಯಲ್ಲಿ. ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಎರಡು ದಿನದ ಮಾತು. ಹೀಗಾಗಿ ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಓಣಿಯವರು ನಕ್ಕರು. ಅತ್ತೆಯವರು ಮಾತ್ರ, “ಕಲಿ ಬಿಡು, ನಾನಂತೂ ಎತ್ತಿನ ಗಾಡಿನೇ ಹೊಡೆದೋಳು” ಎಂದರು. ಅಷ್ಟು ಸಾಕಾಯಿತು.

ಕಾರು ಕಲಿತದ್ದು ನಾನು. ಆದರೆ ಫೋನಿನಲ್ಲಿ ದಾರಿಯ ಮ್ಯಾಪ್ ಹಾಕಿಕೊಟ್ಟದ್ದು ನಾದಿನಿಯ ಮಗ. “ಅತ್ತೆ, ಎಲ್ಲಾ ಸೆಟ್ ಮಾಡಿದೀನಿ, ನೀವು ಏನೂ ಮುಟ್ಟಬೇಡಿ” ಎಂದ. ನಾನೂ ಮುಟ್ಟಲಿಲ್ಲ.

ಆಷಾಢದ ಆ ರಾತ್ರಿ

ಕಳೆದ ವರ್ಷ ಆಷಾಢದಲ್ಲಿ ಒಂದು ಸಂಜೆ ಊರಿನಿಂದ ಫೋನು. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಾರೆ, ನೆರೆಮನೆಯವರು ಕೊಪ್ಪದ ಆಸ್ಪತ್ರೆಗೆ ಸೇರಿಸಿದ್ದಾರೆ. ಸೊಂಟದ ಮೂಳೆ ಮುರಿದ ಹಾಗಿದೆ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಮನೆಯವರು ಯಾರಾದರೂ ಬಂದರೆ ಒಳ್ಳೆಯದು ಎಂದರು. ನಮ್ಮವರು ಸರಕು ತರಲು ಹುಬ್ಬಳ್ಳಿಗೆ ಹೋಗಿದ್ದರು. ಅವರಿಗೆ ಕಾಯುತ್ತಾ ಕೂರುವ ಮನಸ್ಸಾಗಲಿಲ್ಲ. ಎಂಟನೆಯ ತರಗತಿಯ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟೆ.

ಹೊನ್ನಾಳಿಯಿಂದ ಶಿವಮೊಗ್ಗ, ಅಲ್ಲಿಂದ ಗಾಜನೂರು, ಮಂಡಗದ್ದೆ ಹಾದು ತೀರ್ಥಹಳ್ಳಿ, ಆಮೇಲೆ ಕೊಪ್ಪ. ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್. ತೀರ್ಥಹಳ್ಳಿಯವರೆಗೆ ಏನೂ ತೊಂದರೆಯಾಗಲಿಲ್ಲ. ಕತ್ತಲಾಗಿತ್ತು, ಮಳೆ ಧೋ ಎಂದು ಹೊಯ್ಯುತ್ತಿತ್ತು. ಮಗ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಅದು ಇಂಗ್ಲಿಷಿನಲ್ಲಿ ಪಟಪಟನೆ ಏನೋ ಹೇಳುತ್ತಿತ್ತು. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ವೈಪರಿನ ಸದ್ದಿನಲ್ಲಿ ಹೋಗುತ್ತಿತ್ತು.

ತೀರ್ಥಹಳ್ಳಿ ದಾಟಿ ಸ್ವಲ್ಪ ದೂರ ಹೋದ ಮೇಲೆ, “ಅಮ್ಮಾ, ಇಲ್ಲಿ ಒಳಗೆ ತಿರುಗಿದ್ರೆ ಹನ್ನೊಂದು ನಿಮಿಷ ಉಳಿಯುತ್ತಂತೆ” ಎಂದ ಮಗ.

ಸೋದರಿಯರೇ, ನಾನು ಆ ದಾರಿಯಲ್ಲಿ ಹುಟ್ಟಿ ಬೆಳೆದವಳು. ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಒಳಗೆ ತಿರುಗುವ ದಾರಿ ಅಲ್ಲ ಅದು ಎಂದು ಮನಸ್ಸು ಹೇಳಿತು. ಆದರೂ ತಿರುಗಿಸಿದೆ. ಏಕೆ ಗೊತ್ತೇ? ‘ಅಷ್ಟು ದೊಡ್ಡ ಯಂತ್ರಕ್ಕೆ ಗೊತ್ತಿಲ್ಲದ್ದು ನನಗೆ ಗೊತ್ತೇ’ ಎಂದುಕೊಂಡೆ. ಜೊತೆಗೆ ಅಮ್ಮನ ನೋವಿನ ಹನ್ನೊಂದು ನಿಮಿಷ ಉಳಿಯುತ್ತದಲ್ಲ ಎಂಬ ಆಸೆ.

ಮೂರು ಕಿಲೋಮೀಟರಿಗೆ ಟಾರು ಮುಗಿಯಿತು. ಎರಡೂ ಕಡೆ ಅಡಿಕೆ ತೋಟ. ಕಾರು ತಿರುಗಿಸಲು ಜಾಗವಿಲ್ಲ. ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ತೆರೆಯ ಮೇಲೆ ರಸ್ತೆಯೂ ಇಲ್ಲ, ಊರಿನ ಹೆಸರೂ ಇಲ್ಲ. ಬರೀ ಬೂದು ಬಣ್ಣ, ಅದರ ನಡುವೆ ನಮ್ಮ ನೀಲಿ ಚುಕ್ಕೆ ಮಾತ್ರ ಮೆಲ್ಲಗೆ ಸರಿಯುತ್ತಿತ್ತು. ಚಾರ್ಜು ಒಂಬತ್ತಕ್ಕೆ ಇಳಿದಿತ್ತು. ಮುಂದೆ ನೋಡಿದರೆ ಹಳ್ಳ ತುಂಬಿ ಸಂಕದ ಮೇಲೆ ನೀರು ಹರಿಯುತ್ತಿದೆ. ಬ್ರೇಕು ಒತ್ತಿದ ಕಾಲು ನಡುಗುತ್ತಿತ್ತು.

ಆಗ ಒಬ್ಬರು ಟಾರ್ಚ್ ಹಿಡಿದು ತೋಟದೊಳಗಿನಿಂದ ಬಂದರು. “ಅಕ್ಕಾ, ಎಲ್ಲಿಗೆ ಹೊರಟ್ರಿ? ಇದನ್ನ ದಾಟಿದ್ರೆ ಮುಂದೆ ಹಾದಿನೇ ಇಲ್ಲ. ಬೇಸಿಗೇಲಿ ಜೀಪು ಹೋಗ್ತದೆ ಅಷ್ಟೆ. ನಿಮ್ಮ ಹಾಗೆ ಫೋನು ನೋಡ್ಕಂಡು ಬಂದವರು ಈ ಮಳೇಲಿ ಇದು ಮೂರನೇ ಕಾರು” ಎಂದರು. ಪುಣ್ಯಾತ್ಮ, ಮಳೆಯಲ್ಲಿ ನೆನೆಯುತ್ತಾ ಹಿಂದೆ ಹಿಂದೆ ನಡೆದು, ಟಾರ್ಚ್ ಬೀಸಿ, ನನ್ನ ಕಾರನ್ನು ಹಿಮ್ಮುಖವಾಗಿ ಒಂದು ಗದ್ದೆಯ ಬಯಲಿನವರೆಗೆ ತಂದು ತಿರುಗಿಸಿಕೊಟ್ಟರು. ಅವರ ಹೆಸರನ್ನೂ ನಾನು ಕೇಳಲಿಲ್ಲ.

ಆಸ್ಪತ್ರೆ ಸೇರುವಾಗ ಅಂದುಕೊಂಡದ್ದಕ್ಕಿಂತ ಒಂದೂವರೆ ಗಂಟೆ ತಡ. ಆಂಬುಲೆನ್ಸ್ ಬಾಗಿಲಲ್ಲೇ ನಿಂತಿತ್ತು. ನಾನು ಬರಲೆಂದು ಕಾದಿದ್ದರು. ಅಮ್ಮ ತುಟಿ ಕಚ್ಚಿಕೊಂಡು ಮಲಗಿದ್ದರು. ನನ್ನನ್ನು ನೋಡಿ, “ತವರಿನ ದಾರಿ ಮರೆತ್ಹೋಯ್ತನೇ?” ಎಂದರು. ಕೋಪದಿಂದ ಕೇಳಿದ್ದಲ್ಲ. ಆದರೆ ಆ ಮಾತು ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಇದೆ.

ಆ ಮ್ಯಾಪು ಯಾವುದೆಂದು ಹೆಸರು ಹೇಳಿ ದೂರಲು ನಾನು ಹೋಗುವುದಿಲ್ಲ. ತಪ್ಪಿನಲ್ಲಿ ನನ್ನ ಪಾಲು ದೊಡ್ಡದೇ ಇತ್ತು. ಓಡಿಸುವವಳು ನಾನಾಗಿ, ಆರಿಸುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟಿದ್ದೆನಲ್ಲ!

ತಿಳಿದುಕೊಂಡದ್ದು

ಅಮ್ಮನ ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಆ ಅವಧಿಯಲ್ಲಿ ನಾನು ಹಟಕ್ಕೆ ಬಿದ್ದವಳಂತೆ ಈ ವಿಷಯ ತಿಳಿದುಕೊಂಡೆ. ಮಗಳು ಮೈಸೂರಿನಲ್ಲಿ ಓದುತ್ತಾಳೆ, ಅವಳನ್ನು ಫೋನಿನಲ್ಲಿ ಪೀಡಿಸಿದೆ. ತಿಳಿದ ಮೇಲೆ ಅನ್ನಿಸಿತು, ಇದು ಮಿಕ್ಸಿಗಿಂತ ಕಷ್ಟದ್ದೇನೂ ಅಲ್ಲ!

ಮೊದಲು ನನ್ನನ್ನು ಕಾಡುತ್ತಿದ್ದ ಪ್ರಶ್ನೆ: ನೆಟ್‌ವರ್ಕ್ ಹೋದರೂ ಆ ನೀಲಿ ಚುಕ್ಕೆ ಹೇಗೆ ಸರಿಯುತ್ತಿತ್ತು? ಉತ್ತರ ಬಲು ಸರಳ. ನಾವು ಎಲ್ಲಿದ್ದೇವೆ ಎಂಬುದು ಗೊತ್ತಾಗುವುದು ಆಕಾಶದ ಉಪಗ್ರಹಗಳಿಂದ. ರಸ್ತೆಗಳ ಚಿತ್ರ ಬರುವುದು ಇಂಟರ್‌ನೆಟ್ಟಿನಿಂದ. ಎರಡೂ ಬೇರೆ ಬೇರೆ. ಅಮೆರಿಕದವರ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸದಾ ಸಮಯ ಸಾರುತ್ತಿರುತ್ತವೆ. ನಮ್ಮ ಫೋನು ರೇಡಿಯೋದ ಹಾಗೆ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದಕ್ಕೆ ಸಿಮ್ಮಾಗಲಿ ನೆಟ್ಟಾಗಲಿ ಬೇಕಿಲ್ಲ. ಯಾವ ಉಪಗ್ರಹದ ಸಂಕೇತ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಅದು ಎಷ್ಟು ದೂರ ಎಂದು ಲೆಕ್ಕ ಹಾಕಿ, ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ನಾವು ನಿಂತ ಜಾಗವನ್ನು ಹೇಳುತ್ತದೆ. ಗಡಿಯಾರದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರಿನ ವ್ಯತ್ಯಾಸ ಬರುತ್ತದಂತೆ! ಸಂಕೇತವನ್ನು ದಟ್ಟ ಮರಗಳು, ಆಳವಾದ ಕಣಿವೆಗಳು ಮಸುಕು ಮಾಡುತ್ತವೆ. ನಮ್ಮ ಮಲೆನಾಡಿನಲ್ಲಿ ಚುಕ್ಕೆ ಒಮ್ಮೊಮ್ಮೆ ಪಕ್ಕದ ತೋಟದೊಳಗೆ ಹಾರಿಬಿಡುವುದು ಇದರಿಂದಲೇ.

ನಮ್ಮ ಭಾರತದ್ದೂ ಇಂಥ ವ್ಯವಸ್ಥೆ ಇದೆ, ಹೆಸರು ನಾವಿಕ್. ಇಸ್ರೋ ಇದರ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು, ಏಳನೆಯದನ್ನು 2016ರ ಏಪ್ರಿಲ್ 28ರಂದು ಶ್ರೀಹರಿಕೋಟಾದಿಂದ ಹಾರಿಸಿತು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಅದರ ಕೇಂದ್ರವಿದೆ. ಉಪಗ್ರಹಗಳನ್ನು ಅಂಕೆಯಲ್ಲಿಡುವ ಕೆಲಸದಲ್ಲಿ ನಮ್ಮ ಹಾಸನಕ್ಕೂ ಪಾಲಿದೆ. ಹೆಮ್ಮೆಯ ಸಂಗತಿಯೇ. ಆದರೆ ‘ನಾವಿಕ್ ಇದೆ’ ಎಂಬ ಚೀಟಿ ನೋಡಿ ಮರುಳಾಗಿ ಕೊಳ್ಳಬೇಡಿ. ಆ ಉಪಗ್ರಹಗಳಲ್ಲಿ ಕೆಲವುಗಳ ಗಡಿಯಾರ ಕೆಟ್ಟದ್ದುಂಟು, 2023ರಿಂದ ಬದಲಿ ಉಪಗ್ರಹಗಳನ್ನು ಕಳಿಸುವ ಪ್ರಯತ್ನ ನಡೆದಿದೆ. ಈಗಿನ ಫೋನುಗಳು ಹಲವು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುತ್ತವೆ. ಆದ್ದರಿಂದ ಚುಕ್ಕೆಯ ವಿಷಯದಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಚಿತ್ರದ ಬಗ್ಗೆ, ಧ್ವನಿಯ ಬಗ್ಗೆ, ನಮ್ಮ ಬಗ್ಗೆ.

ಅಂಗಡಿಗೆ ಹೋದೆ

“ಒಂದು ದೊಡ್ಡ ಸ್ಕ್ರೀನ್ ಹಾಕಿಸಿಬಿಡೋಣ, ನೀನು ಚಿಂತೆ ಬಿಡು” ಎಂದರು ನಮ್ಮವರು. ಪಾಪ, ಆ ರಾತ್ರಿಯ ವಿಷಯ ಕೇಳಿದ ಮೇಲೆ ಅವರಿಗೂ ನಿದ್ದೆ ಬಂದಿರಲಿಲ್ಲ. ಶಿವಮೊಗ್ಗದ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಹುಡುಗ ತಟ್ಟೆಯಷ್ಟು ಅಗಲದ ಸ್ಕ್ರೀನ್ ತೋರಿಸಿ, ಸಿನಿಮಾ ನೋಡಬಹುದು, ಹಾಡು ಕೇಳಬಹುದು, ಬಣ್ಣಬಣ್ಣದ ದೀಪ ಬರುತ್ತದೆ ಎಂದ. ಹದಿನಾಲ್ಕು ಸಾವಿರ ಹೇಳಿದ. ಮಾತೆಲ್ಲ ನಮ್ಮವರ ಜೊತೆಗೇ. ನಾನು ಕೇಳಿದೆ, “ನೆಟ್ ಇಲ್ಲದ ಕಡೆ ಇದು ದಾರಿ ತೋರಿಸುತ್ತಾ?”

ಹುಡುಗ ತಲೆ ಕೆರೆದುಕೊಂಡ. “ನಿಮ್ಮ ಫೋನಿನ ನೆಟ್ಟೇ ಇದಕ್ಕೂ ಕೊಡಬೇಕು ಮೇಡಂ.”

“ಕನ್ನಡದಲ್ಲಿ ಹೇಳುತ್ತಾ? ರಾತ್ರಿ ಇಷ್ಟು ದೊಡ್ಡ ಬೆಳಕು ಕಣ್ಣಿಗೆ ಹೊಡೆಯಲ್ವಾ?”

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ಹುಡುಗನಿಗೆ, “ಅವರನ್ನೇ ಕೇಳಪ್ಪ, ಓಡಿಸೋರು ಅವರು” ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಡಿಸಿದ ಬಳೆಗಳಿಗಿಂತ ಆ ಮಾತು ನನಗೆ ಹೆಚ್ಚು ಬೆಲೆಯದಾಗಿ ಕಂಡಿತು. ಅಂದು ಏನೂ ಕೊಳ್ಳದೆ ಮನೆಗೆ ಬಂದೆವು.

ಈಗ ನಮ್ಮಂಥವರ ಮುಂದೆ ಇರುವ ದಾರಿಗಳು ಮುಖ್ಯವಾಗಿ ನಾಲ್ಕು. ಒಂದೊಂದರ ಗುಣದೋಷ ಹೇಳುತ್ತೇನೆ.

ಮೊದಲನೆಯದು, ಕಾರಿನ ಜೊತೆಗೇ ಕಂಪನಿಯವರು ಕೂರಿಸಿಕೊಟ್ಟ ಮ್ಯಾಪು. ಇದರಲ್ಲಿ ಚಿತ್ರ ಕಾರಿನೊಳಗೇ ಇದ್ದರೆ ನೆಟ್ಟಿನ ಹಂಗಿಲ್ಲ. ಆದರೆ ಚಿತ್ರವನ್ನು ಆಗಾಗ ಹೊಸದು ಮಾಡಿಸದಿದ್ದರೆ, ಹೊಸ ಬೈಪಾಸು ಬಂದರೂ ಅದಕ್ಕೆ ಗೊತ್ತಿರುವುದಿಲ್ಲ. ನಮ್ಮನ್ನು ಹಳೇ ಸಂತೆ ಬೀದಿಯೊಳಗೇ ನುಗ್ಗಿಸುತ್ತದೆ. ಹೊಸ ಕಾರು ಕೊಳ್ಳುವವರು, ‘ಮ್ಯಾಪು ಹೊಸದು ಮಾಡುವುದು ಹೇಗೆ, ಎಷ್ಟು ವರ್ಷ ಬಿಟ್ಟಿ, ಆಮೇಲೆ ಎಷ್ಟು ದುಡ್ಡು’ ಎಂದು ಮೊದಲೇ ಕೇಳಿಕೊಳ್ಳಿ.

ಎರಡನೆಯದು, ಕಾರಿನ ಸ್ಕ್ರೀನಿಗೆ ನಮ್ಮ ಫೋನನ್ನು ಜೋಡಿಸುವುದು. ಆಂಡ್ರಾಯ್ಡ್ ಆಟೋ, ಆಪಲ್ ಕಾರ್‌ಪ್ಲೇ ಎನ್ನುವುದು ಇದನ್ನೇ. ಫೋನಿನ ಮ್ಯಾಪೇ ಕಾರಿನ ತೆರೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಕನ್ನಡಕ ಹಾಕುವ ವಯಸ್ಸಿನವರಿಗೆ ಬಹಳ ಅನುಕೂಲ. ಕಾರಿನಲ್ಲಿ ಈ ಸೌಕರ್ಯ ಇದ್ದರೆ ಬೇರೇನೂ ಕೊಳ್ಳಬೇಕಾಗಿಲ್ಲ.

ಮೂರನೆಯದು, ಹಳೆ ಕಾರಿಗೆ ಹೊರಗಿನಿಂದ ಹಾಕಿಸುವ ಸ್ಕ್ರೀನು. ನಾನು ಅಂಗಡಿಯಲ್ಲಿ ನೋಡಿದ್ದು ಅದೇ. ಹಾಕಿಸುವುದಾದರೆ ವೈರು ಕತ್ತರಿಸಿ ಜೋಡಿಸುತ್ತಾರೆಯೇ, ಕಾರಿನ ವಾರಂಟಿಗೆ ತೊಂದರೆಯಾಗುತ್ತದೆಯೇ, ಕೆಟ್ಟರೆ ನಮ್ಮೂರಿನಲ್ಲಿ ಯಾರು ನೋಡುತ್ತಾರೆ ಎಂದು ಕೇಳಿ. ಬಿಸಿಲಿನಲ್ಲಿ ಹಚ್ಚಿ ತೋರಿಸಲು ಹೇಳಿ. ಅಂಗಡಿಯ ದೀಪದಲ್ಲಿ ಎಲ್ಲವೂ ಚೆಂದವೇ!

ನಾಲ್ಕನೆಯದು, ಇರುವ ಫೋನನ್ನೇ ಒಂದು ಗಟ್ಟಿ ಹಿಡಿಕೆಯಲ್ಲಿ ಕಾರಿನ ಮುಂದೆ ಕೂರಿಸುವುದು. ಖರ್ಚು ಎಲ್ಲಕ್ಕಿಂತ ಕಡಿಮೆ. ಆದರೆ ಹೊಂದಿಸಿಕೊಳ್ಳುವ ಶ್ರಮ ನಮ್ಮದು.

ನಾನು ಮೂರು ಬಗೆಯನ್ನೂ ಬೆಳಕಿಗೆ ಹಿಡಿದು ನೋಡಿದೆ ಎನ್ನಿ. ನಾದಿನಿಯ ಮಗನ ಕಾರಿನಲ್ಲಿ ಕಂಪನಿಯ ಸ್ಕ್ರೀನಿದೆ, ಎದುರುಮನೆಯವರದರಲ್ಲಿ ಹೊರಗಿನದು ಹಾಕಿಸಿದ್ದಾರೆ, ನನ್ನ ಹತ್ತಿರ ಫೋನು. ಒಂದೊಂದನ್ನೂ ಮೂರು ಸಲ ಪರೀಕ್ಷೆ ಮಾಡಿದೆ: ಮಧ್ಯಾಹ್ನದ ಬಿಸಿಲಿನಲ್ಲಿ, ರಾತ್ರಿ ಕತ್ತಲಲ್ಲಿ, ಮತ್ತು ಬೇಕೆಂದೇ ಇಂಟರ್‌ನೆಟ್ ಬಂದ್ ಮಾಡಿ. ಮೂರನೆಯ ಪರೀಕ್ಷೆಯಲ್ಲಿ ಎದುರುಮನೆಯವರ ದೊಡ್ಡ ಸ್ಕ್ರೀನು ಬರೀ ಬೂದು ಬಣ್ಣ ತೋರಿಸಿತು. ನಾನು ಮನೆಯಲ್ಲೇ ಚಿತ್ರ ತುಂಬಿಸಿಕೊಂಡಿದ್ದ ಫೋನು ಮಾತ್ರ ರಸ್ತೆ ತೋರಿಸಿತು. ಅಲ್ಲಿಗೆ ನನ್ನ ತೀರ್ಮಾನವಾಯಿತು. ನನಗೆ ಬೇಕಾದದ್ದು ದೊಡ್ಡ ಸ್ಕ್ರೀನಲ್ಲ, ತೀರ್ಥಹಳ್ಳಿ ದಾಟಿದ ಮೇಲೂ ಕೈಬಿಡದ ಮ್ಯಾಪು. ನಿಮ್ಮ ಓಡಾಟವೆಲ್ಲ ದಾವಣಗೆರೆ, ಬೆಂಗಳೂರು ಹೆದ್ದಾರಿಯಲ್ಲೇ ಆದರೆ ನಿಮ್ಮ ಆಯ್ಕೆ ಬೇರೆಯಾಗಬಹುದು. ಅಲ್ಲಿ ವಾಹನ ದಟ್ಟಣೆ ಎಲ್ಲಿದೆ ಎಂದು ಆ ಕ್ಷಣಕ್ಕೆ ತಿಳಿಸುವುದು ಮುಖ್ಯ, ಅದಕ್ಕೆ ನೆಟ್ ಬೇಕೇ ಬೇಕು. ಅವರವರ ದಾರಿ ನೋಡಿಕೊಂಡು ಅವರವರ ಸಾಧನ.

ನಾನು ಹೊಂದಿಸಿಕೊಂಡ ಬಗೆ

ಚಿತ್ರ ತುಂಬಿಸುವುದು: ಗೂಗಲ್ ಮ್ಯಾಪ್ಸಿನಲ್ಲಿ ಮೇಲ್ಗಡೆ ನಮ್ಮ ಫೋಟೋ ಅಥವಾ ಹೆಸರಿನ ಅಕ್ಷರವಿರುವ ಗುಂಡನೆಯ ಗುರುತು ಒತ್ತಿದರೆ ‘ಆಫ್‌ಲೈನ್ ಮ್ಯಾಪ್ಸ್’ ಎಂದು ಬರುತ್ತದೆ. ಅಲ್ಲಿ ಒಂದು ಚೌಕಟ್ಟು ಸಿಗುತ್ತದೆ. ನಾವು ಹೋಗುವ ಊರುಗಳೆಲ್ಲ ಅದರೊಳಗೆ ಬರುವಂತೆ ಎಳೆದು ಇಳಿಸಿಕೊಳ್ಳಬೇಕು. ಮನೆಯಲ್ಲಿ ವೈಫೈ ಇದ್ದಾಗ ಮಾಡಿದರೆ ನೆಟ್ ಖರ್ಚಿಲ್ಲ. ಆಮೇಲೆ ನೆಟ್ ಹೋದರೂ ಕಾರಿನ ದಾರಿ ಹೇಳುತ್ತದೆ. ದಟ್ಟಣೆ ಮಾತ್ರ ಹೇಳದು, ಬದಲಿ ದಾರಿಯನ್ನೂ ತೋರಿಸದು. ಉಪ್ಪಿನಕಾಯಿ ಭರಣಿಯ ಹಾಗೆ ಇದನ್ನೂ ಆಗಾಗ ತೆಗೆದು ನೋಡಬೇಕು; ಬಹಳ ದಿನ ಬಿಟ್ಟರೆ ಹಳತಾಗುತ್ತದೆ. ನಮ್ಮ ದೇಶದವರೇ ಮಾಡಿದ ಮ್ಯಾಪಲ್ಸ್ ಎಂಬುದೂ ಇದೆ. ಅದನ್ನೂ ಹಾಕಿಕೊಂಡಿದ್ದೇನೆ. ಹೊರಡುವ ಮುನ್ನ ಎರಡರಲ್ಲೂ ದಾರಿ ನೋಡುತ್ತೇನೆ. ಎರಡೂ ಒಂದೇ ಹೇಳಿದರೆ ಧೈರ್ಯ, ಬೇರೆ ಬೇರೆ ಹೇಳಿದರೆ ಊರಿಗೆ ಫೋನು ಮಾಡಿ ಕೇಳುತ್ತೇನೆ.

ಭಾಷೆ: ಗೂಗಲ್ ಮ್ಯಾಪ್ಸ್ 2018ರಿಂದಲೇ ಕನ್ನಡದಲ್ಲಿ ದಾರಿ ಹೇಳುತ್ತದೆ. ಈ ವಿಷಯ ನನಗೆ ತಿಳಿದದ್ದು ಮೊನ್ನೆ! ಸೆಟ್ಟಿಂಗ್ಸಿನಲ್ಲಿ ಭಾಷೆ ಬದಲಾಯಿಸಿದ ದಿನ ‘ಬಲಕ್ಕೆ ತಿರುಗಿ’ ಎಂದು ಕೇಳಿ ಅತ್ತೆಯವರು, “ಇದ್ಯಾರೇ ಹುಡುಗಿ, ಮರ್ಯಾದೆ ಕೊಟ್ಟು ಮಾತಾಡ್ತಾಳೆ” ಎಂದು ಮೆಚ್ಚಿಕೊಂಡರು. ಕಿವಿಗೆ ತಿಳಿದರೆ ಕಣ್ಣು ರಸ್ತೆಯ ಮೇಲಿರುತ್ತದೆ. ಇದಕ್ಕಿಂತ ದೊಡ್ಡ ಸುರಕ್ಷೆ ಇನ್ನೊಂದಿಲ್ಲ.

ಹಿಡಿಕೆ: ಗಾಜಿಗೆ ಅಂಟುವ ರಬ್ಬರಿನದು ಬಿಸಿಲಿಗೆ ಕಳಚಿ ಕಾಲಬುಡಕ್ಕೆ ಬೀಳುತ್ತಿತ್ತು. ಬ್ರೇಕಿನ ಹತ್ತಿರ ಬಿದ್ದರೆ ಗತಿಯೇನು? ಎ.ಸಿ. ಗಾಳಿ ಬರುವ ಕಿಂಡಿಗೆ ಸಿಕ್ಕಿಸುವುದನ್ನು ತಂದೆ, ನಾನ್ನೂರು ರೂಪಾಯಿ. ಬೇಸಿಗೆಯಲ್ಲಿ ಫೋನು ಕಾದು ಕಪ್ಪಾಗಿ ನಿಂತುಹೋಗುವುದುಂಟು, ತಣ್ಣನೆಯ ಗಾಳಿ ಬಿದ್ದರೆ ಆ ಬಾಧೆ ಕಡಿಮೆ. ಏರ್‌ಬ್ಯಾಗ್ ಇರುವ ಜಾಗಕ್ಕೆ, ರಸ್ತೆ ಮರೆಯಾಗುವ ಜಾಗಕ್ಕೆ ಹಿಡಿಕೆ ಕೂರಿಸಲೇಬಾರದು.

ಚಾರ್ಜು: ಮ್ಯಾಪು ಹಚ್ಚಿದರೆ ಬ್ಯಾಟರಿ ಬೆಣ್ಣೆಯಂತೆ ಕರಗುತ್ತದೆ. ಬೀದಿಬದಿಯ ಅಗ್ಗದ ಚಾರ್ಜರ್ ಹಾಕಿದರೆ, ಚಾರ್ಜಿಗೆ ಇಟ್ಟಿದ್ದರೂ ಇಳಿಯುತ್ತಾ ಹೋಗುತ್ತದೆ. ಇದೊಂದಕ್ಕೆ ಜಿಪುಣತನ ಬೇಡ.

ಕಾನೂನು: ವಾಹನ ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿದು ಮಾತಾಡಿದರೆ ದಂಡ ಎಂಬುದು ನಿಮಗೆ ಗೊತ್ತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಓಡಿಸುವವರ ಗಮನ ಕೆಡದ ಹಾಗೆ. ಆದ್ದರಿಂದ ಊರಿನ ಹೆಸರು ಬರೆಯುವುದು, ದಾರಿ ಬದಲಿಸುವುದು ಎಲ್ಲವನ್ನೂ ಗಾಡಿ ನಿಲ್ಲಿಸಿಯೇ ಮಾಡಿ. ಸ್ಕೂಟರ್ ಓಡಿಸುವ ಸೋದರಿಯರು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬೇಡಿ. ಹಿಂದಿನ ಲಾರಿಯ ಹಾರನ್ ಕೇಳಿಸುವುದಿಲ್ಲ. ಮ್ಯಾಪಿನಲ್ಲಿ ದ್ವಿಚಕ್ರದ ಗುರುತು ಬೇರೆ, ಕಾರಿನ ಗುರುತು ಬೇರೆ ಇದೆ. ಕಾರಿನಲ್ಲಿ ಕೂತು ದ್ವಿಚಕ್ರದ ಗುರುತು ಒತ್ತಿದರೆ ಅದು ನಿಮ್ಮನ್ನು ಓಣಿಯೊಳಗೆ ನುಗ್ಗಿಸೀತು, ಜೋಕೆ!

ಮನೆಯ ಗುರುತು: ಹಳ್ಳಿಯ ಮನೆಗಳು ಮ್ಯಾಪಿನಲ್ಲಿ ಸಿಗುವುದಿಲ್ಲ. ತವರಿಗೆ ಹೋದಾಗ ಅಂಗಳದಲ್ಲಿ ನಿಂತು, ನೀಲಿ ಚುಕ್ಕೆ ನೆಲೆಯಾಗುವವರೆಗೆ ಕಾದು, ಆ ಜಾಗವನ್ನು ಒತ್ತಿ ಹಿಡಿದೆ. ಕೆಂಪು ಗುರುತು ಬಿತ್ತು. ‘ಅಮ್ಮನ ಮನೆ’ ಎಂದು ಹೆಸರು ಕೊಟ್ಟು ಉಳಿಸಿಕೊಂಡೆ. ಅಣ್ಣನಿಗೂ ಮಗಳಿಗೂ ಕಳಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಆಂಬುಲೆನ್ಸಿನವರಿಗೆ ಕಳಿಸಲೂ ಇದು ಬೇಕಾಗುತ್ತದೆ. ನೀವೂ ನಿಮ್ಮ ತವರಿನದು, ಅತ್ತೆಮನೆಯದು ಇವತ್ತೇ ಮಾಡಿಟ್ಟುಕೊಳ್ಳಿ.

ಎಷ್ಟು ನಂಬಬೇಕು?

ಇಷ್ಟೆಲ್ಲ ಹೊಂದಿಸಿಕೊಂಡ ಮೇಲೂ ಒಂದು ಮಾತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಒಂದು ಕಾರು, ಪ್ರವಾಹದಲ್ಲಿ ಮುಂಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ಹೋಗಿ ಕೆಳಗಿನ ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಮ್ಯಾಪು ನೋಡಿಕೊಂಡು ಹೋಗಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಓದಿದಾಗ ನನ್ನ ಕಣ್ಣ ಮುಂದೆ ಆ ತುಂಬಿದ ಹಳ್ಳ ಬಂತು. ಟಾರ್ಚ್ ಹಿಡಿದ ಆ ಅಣ್ಣ ಬಾರದೆ ಇದ್ದಿದ್ದರೆ? ಮಗ ಪಕ್ಕದಲ್ಲಿದ್ದ.

ಸೇತುವೆ ಮುರಿದದ್ದು, ಘಾಟಿಯಲ್ಲಿ ಗುಡ್ಡ ಕುಸಿದದ್ದು ಯಾರಾದರೂ ತಿಳಿಸಿದ ಮೇಲೆ ಮ್ಯಾಪಿಗೆ ಗೊತ್ತಾಗಬೇಕು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದ ಸಂಚಾರ ಎಷ್ಟು ಸಲ ನಿಂತಿಲ್ಲ! ಅದಕ್ಕೇ ಈಗ ನಾನು ಪಾಲಿಸುವ ನಿಯಮಗಳು ಇವು. ಕತ್ತರಿಸಿ ಕಾರಿನಲ್ಲಿ ಇಟ್ಟುಕೊಂಡರೂ ಆಗಬಹುದು.

1. ಹೊರಡುವ ಮುನ್ನ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಬೆರಳಿನಿಂದ ಸರಿಸಿ ನೋಡಿ. ನಡುವಿನ ದೊಡ್ಡ ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿಗೆ ಚಾರ್ಜು ಬೇಡ.

2. ರಾತ್ರಿಯಲ್ಲಿ, ಮಳೆಯಲ್ಲಿ ಹತ್ತು ನಿಮಿಷ ಉಳಿಸುವ ಒಳದಾರಿ ಬೇಡವೇ ಬೇಡ. ಬಸ್ಸು ಹೋಗುವ ದಾರಿಯೇ ದಾರಿ.

3. ಟಾರು ಮುಗಿದರೆ, ನೀರು ಕಂಡರೆ, ಎದುರಿಗೆ ವಾಹನವೇ ಬರದಿದ್ದರೆ ನಿಲ್ಲಿಸಿ. ಮ್ಯಾಪು ಏನೇ ಹೇಳಲಿ.

4. ಮನುಷ್ಯರು ಸಿಕ್ಕರೆ ಕಾಚು ಇಳಿಸದೆ ಹೋಗಬೇಡಿ, ಗಾಜು ಇಳಿಸಿ ಕೇಳಿ. ಚಹಾದಂಗಡಿಯವರಿಗೆ ಇಂದು ಬೆಳಿಗ್ಗೆ ಬಿದ್ದ ಮರದ ಸುದ್ದಿಯೂ ಗೊತ್ತಿರುತ್ತದೆ.

5. ಮನಸ್ಸು ‘ಇದು ದಾರಿಯಲ್ಲ’ ಎಂದರೆ, ಆ ಮಾತಿಗೂ ಒಂದು ಬೆಲೆ ಕೊಡಿ.

ಮೊನ್ನೆ ದೀಪಾವಳಿಗೆ ಅಮ್ಮನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಿಗೆ ಹೋದೆ. ಈಗ ಕೋಲು ಹಿಡಿದು ನಡೆಯುತ್ತಾರೆ. ತೀರ್ಥಹಳ್ಳಿ ದಾಟಿದ್ದೇ ತಡ, ಅಮ್ಮ ತಮ್ಮದೇ ಮ್ಯಾಪು ಬಿಚ್ಚಿದರು. “ಅಗೋ, ಆ ಹಲಸಿನ ಮರ ಕಳೆದ ಮೇಲೆ ಎಡಕ್ಕೆ. ಶಾಲೆ ಬಂತಾ? ಈಗ ನಿಧಾನ, ತಿರುವಿದೆ.” ಅಮ್ಮ ‘ಎಡಕ್ಕೆ’ ಎಂದ ಸ್ವಲ್ಪ ಹೊತ್ತಿಗೆ ಫೋನೂ ‘ಎಡಕ್ಕೆ ತಿರುಗಿ’ ಎನ್ನುತ್ತಿತ್ತು. ನಾಲ್ಕೈದು ಸಲ ಹಾಗೇ ಆಯಿತು. ಅಮ್ಮ ಫೋನನ್ನೇ ದಿಟ್ಟಿಸಿ ನೋಡಿ, “ಇದಕ್ಕೆ ಯಾರೇ ಹೇಳಿಕೊಟ್ಟಿದ್ದು, ನಮ್ಮನೆ ದಾರಿ?” ಎಂದು ಕೇಳಿದರು.

“ನಾನೇ ಅಮ್ಮ” ಎಂದೆ.

ಅಮ್ಮ ನಕ್ಕರು. ಎದೆಯ ಮುಳ್ಳು ಸ್ವಲ್ಪ ಸಡಿಲವಾದ ಹಾಗಾಯಿತು.

ಸೋದರಿಯರೇ, ನಿಮ್ಮ ಮನೆಯಲ್ಲೂ ಈ ಮಾತು ಬಂದಾಗ ‘ನಮಗೇನು ತಿಳಿಯುತ್ತೆ’ ಎಂದು ಒಳಗೆ ಹೋಗಬೇಡಿ. ಸ್ಟಿಯರಿಂಗ್ ಯಾರ ಕೈಯಲ್ಲಿದೆಯೋ ಆಯ್ಕೆಯೂ ಅವರದೇ ಆಗಿರಲಿ. ಏನಂತೀರಿ?